ಕೆನಡಾದಲ್ಲಿ ಬೇಟೆ ರೈಫಲ್‌ನ ಫ್ಯಾಕ್ಟರಿ ಬೋಲ್ಟ್ ಲಾಕ್ ತೆಗೆಸೋದು: ಕಾನೂನು ಏನು ಕೇಳತ್ತೆ, ಏನು ಕೇಳಲ್ಲ

ಕೆನಡಾಕ್ಕೆ ಬಂದು ಸೆಟ್ಲ್ ಆಗಿ, ಲೈಸೆನ್ಸ್ ಮಾಡಿಸ್ಕೊಂಡು, ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ರೆಮಿಂಗ್ಟನ್ 700 ತಗೊಂಡಿರೋ ನಮ್ಮೋರಲ್ಲಿ ಸುಮಾರು ಜನಕ್ಕೆ ಬರೋ ಡೌಟು ಇದು: ಬೋಲ್ಟ್ (ಗುಂಡನ್ನ ಕೋವಿ ಒಳಗೆ ತಳ್ಳಿ ಮುಚ್ಚೋ, ಹಿಂದೆ ಮುಂದೆ ಎಳೆಯೋ ಭಾಗ) ಹಿಂದುಗಡೆ ಒಂದು ಸಣ್ಣ ಕೀ ಹಾಕೋ ತೂತು ಇದೆ, ಹಳೇ ಮಾಲೀಕ ಕೀ ಕೊಟ್ಟಿಲ್ಲ, ಇದನ್ನ ತೆಗೆಸಿ ಬೇರೆ ಹಾಕಿಸ್ಬೋದಾ, ಫ್ಯಾಕ್ಟರಿ ಲಾಕ್ ತೆಗೆದ್ರೆ ಪೊಲೀಸ್ ಕೇಸ್ ಆಗಲ್ವಾ ಅಂತ. ಮೊದಲೇ ಹೇಳ್ಬಿಡ್ತೀನಿ, ತೆಗೆಸ್ಬೋದು, ಆ ಲಾಕ್ ಇರಲೇಬೇಕು ಅಂತ ಇಲ್ಲಿನ ಕಾನೂನು ಎಲ್ಲೂ ಹೇಳಲ್ಲ. ಆದ್ರೆ ಅದನ್ನ ತೆಗೆದ ಮೇಲೆ ಮನೇಲಿ ಕೋವಿ ಹೇಗೆ ಇಡ್ತೀರಿ ಅನ್ನೋದರ ಬಗ್ಗೆ ಕಾನೂನು ತುಂಬಾನೇ ಹೇಳತ್ತೆ, ನಮ್ಮೋರು ಎಡವೋದು ಅಲ್ಲಿ.

ಈ ಲಾಕ್ ಏನು ಅಂತ ನೋಡೋಣ. ರೆಮಿಂಗ್ಟನ್ ಕಂಪನಿ 2000ದ ಆಸುಪಾಸಿನಲ್ಲಿ ಒಂದಷ್ಟು ವರ್ಷ ತನ್ನ ಬೋಲ್ಟ್ ಆಕ್ಷನ್ ರೈಫಲ್‌ಗಳ ಬೋಲ್ಟ್ ಶ್ರೌಡ್ ಒಳಗೇ, ಅಂದ್ರೆ ಬೋಲ್ಟ್‌ನ ಹಿಂಭಾಗದ ಟೋಪಿ ಥರದ ಭಾಗದೊಳಗೆ, ಕೀಲಿ ಹಾಕೋ ಯಂತ್ರ ಕೂರಿಸಿ ಮಾರ್ತಿತ್ತು, ಜನ ಅದನ್ನ ಜೆ-ಲಾಕ್ ಅಂತಾರೆ. ಕೀ ತಿರುಗಿಸಿದ್ರೆ ಫೈರಿಂಗ್ ಪಿನ್, ಅಂದ್ರೆ ಗುಂಡಿನ ಹಿಂಭಾಗಕ್ಕೆ ಹೊಡೆದು ಅದನ್ನ ಹಾರಿಸೋ ಕಡ್ಡಿ, ಜಾಮ್ ಆಗತ್ತೆ, ಕೋವಿ ಹಾರಲ್ಲ. ಐಡಿಯಾ ಚೆನ್ನಾಗೇ ಇದೆ, ಆದ್ರೆ ಬೇಟೆಗಾರರಿಗೆ ಇಷ್ಟ ಆಗ್ಲಿಲ್ಲ, ಕೀ ಕಳೆದ್ರೆ ಪರದಾಟ, ಚಳೀಲಿ ಗ್ಲೌಸ್ ಹಾಕ್ಕೊಂಡು ಆ ಸಣ್ಣ ಕೀ ಹಿಡಿಯೋದೇ ಕಷ್ಟ, ಕಾಡಿಗೆ ಹೋದ್ಮೇಲೆ ಅದು ಲಾಕ್ ಆಗಿದೆ ಅಂತ ಗೊತ್ತಾದ್ರೆ ಅವತ್ತಿನ ಬೇಟೆ ಮುಗೀತು. 2020ರಲ್ಲಿ ಕಂಪನಿನೇ ದಿವಾಳಿ ಎದ್ದು ಭಾಗ ಭಾಗವಾಗಿ ಮಾರಾಟ ಆಯ್ತು, ಹಾಗಾಗಿ ಹಳೇ ಕೀಗೆ ಅಲ್ಲಿ ಇಲ್ಲಿ ಅಲೆಯೋದಕ್ಕಿಂತ ಇಡೀ ಅಸೆಂಬ್ಲಿನೇ ಬದಲಾಯಿಸೋದು ಮೇಲು ಅಂತ ನನ್ನ ಅಭಿಪ್ರಾಯ.

ಬೋಲ್ಟ್ ಲಾಕ್ ಅಂತ ಹುಡುಕಿದ್ರೆ ಇನ್ನೊಂದು ವಿಷಯಾನೂ ಸಿಗತ್ತೆ, ಅದು ಬೇರೆ. 1982ಕ್ಕಿಂತ ಮುಂಚಿನ 700ಗಳಲ್ಲಿ ಸೇಫ್ಟಿ (ಟ್ರಿಗರ್ ಒತ್ತಿದ್ರೂ ಗುಂಡು ಹಾರದ ಹಾಗೆ ಇರೋ ತಡೆ) ಹಾಕಿದ್ರೆ ಬೋಲ್ಟ್ ಹಿಂದಕ್ಕೆ ಎಳೆದು ತೆರೆಯಕ್ಕೇ ಬರ್ತಿರ್ಲಿಲ್ಲ, ಗುಂಡು ಹೊರಗೆ ತೆಗೀಬೇಕು ಅಂದ್ರೆ ಸೇಫ್ಟಿ ಬಿಡಲೇಬೇಕಿತ್ತು. ಅದಕ್ಕೂ ಕೀಗೂ ಸಂಬಂಧ ಇಲ್ಲ. ನಿಮ್ಮ ಹತ್ರ ಅಂಥ ಹಳೇ ರೈಫಲ್ ಇದ್ರೆ ಗನ್‌ಸ್ಮಿತ್‌ಗೆ (ಕೋವಿ ರಿಪೇರಿ ಮಾಡೋರಿಗೆ) ಮೊದಲೇ ಹೇಳಿ, ಆ ಕೆಲಸ ಟ್ರಿಗರ್ ಕಡೆದು, ಶ್ರೌಡ್ ಕಡೆದಲ್ಲ.

ಈಗ ಕಾನೂನು. ಬೇಟೆಗೆ ಬಳಸೋ ಸಾಮಾನ್ಯ ಬೋಲ್ಟ್ ಆಕ್ಷನ್ ರೈಫಲ್ ಇಲ್ಲಿ ನಾನ್-ರಿಸ್ಟ್ರಿಕ್ಟೆಡ್ ಅನ್ನೋ ಗುಂಪಿಗೆ ಬರತ್ತೆ. ಅದನ್ನ ಮನೇಲಿ ಇಡೋ ನಿಯಮ 1998ರದ್ದು. ಕೋವಿ ಲೋಡ್ ಆಗಿರ್ಬಾರ್ದು, ಅದರ ಜೊತೆಗೆ ಮೂರರಲ್ಲಿ ಒಂದು ಮಾಡಿರ್ಬೇಕು: ಕೀ ಅಥವಾ ನಂಬರ್ ಇಲ್ದೆ ಬಿಚ್ಚಕ್ಕಾಗದ, ಕೋವಿ ಹಾರದ ಹಾಗೆ ತಡೆಯೋ ಲಾಕ್ ಹಾಕಿರ್ಬೇಕು, ಇಲ್ಲಾ ಬೋಲ್ಟ್ ತೆಗೆದಿಟ್ಟಿರ್ಬೇಕು, ಇಲ್ಲಾ ಸುಲಭಕ್ಕೆ ಒಡೆಯಕ್ಕಾಗದ ಪೆಟ್ಟಿಗೇಲೋ ರೂಮಲ್ಲೋ ಇಟ್ಟು ಬೀಗ ಹಾಕಿರ್ಬೇಕು. ಗುಂಡುಗಳು ಕೋವಿ ಜೊತೆ ಸುಲಭಕ್ಕೆ ಕೈಗೆ ಸಿಗೋ ಹಾಗೆ ಇರ್ಬಾರ್ದು, ಗುಂಡುಗಳೇ ಬೀಗ ಹಾಕಿದ ಗಟ್ಟಿ ಪೆಟ್ಟಿಗೇಲಿ ಇದ್ರೆ ಪರವಾಗಿಲ್ಲ, ಆ ಪೆಟ್ಟಿಗೇಲಿ ಕೋವಿನೂ ಇರ್ಬೋದು.

ಇದರಲ್ಲಿ ಎಲ್ಲೂ ಫ್ಯಾಕ್ಟರಿ ಅನ್ನೋ ಮಾತೇ ಇಲ್ಲ ಗಮನಿಸಿ. ಜೆ-ಲಾಕ್ ಹಾಕಿ ಮೂಲೇಲಿ ನಿಲ್ಲಿಸಿದ್ರೆ ಮೊದಲನೇ ದಾರಿ ಹಿಡಿದ ಹಾಗೆ ಅಂತ ವಾದ ಮಾಡ್ಬೋದು, ಅದನ್ನ ತೆಗೆಸಿದ ದಿನದಿಂದ ಆ ವಾದ ಇಲ್ಲ, ಉಳಿಯೋದು ಬೇರೆ ಟ್ರಿಗರ್ ಲಾಕ್, ಬೋಲ್ಟ್ ತೆಗೆದಿಡೋದು, ಅಥವಾ ಕ್ಯಾಬಿನೆಟ್. ರೈಫಲ್ ಮೇಲಿರೋ ಸೇಫ್ಟಿ ಬಟನ್ನು ಲಾಕ್ ಅಲ್ಲ, ಅದಕ್ಕೆ ಕೀ ಇಲ್ಲ ನಂಬರೂ ಇಲ್ಲ. ನನ್ನ ಕೇಳಿದ್ರೆ ಕ್ಯಾಬಿನೆಟ್ ತಗೊಳಿ, ಹೊಸ ಬೋಲ್ಟ್ ಪಾರ್ಟ್ಸ್ ಆರ್ಡರ್ ಮಾಡೋ ಮುಂಚೆನೇ ತಗೊಳಿ. ಬೋಲ್ಟ್ ತೆಗೆದಿಡೋದು ಪುಕ್ಕಟೆ ಉಪಾಯ ನಿಜ, ಆದ್ರೆ ತೆಗೆದ ಬೋಲ್ಟನ್ನ ಅದೇ ಕಪಾಟಿನ ಡ್ರಾಯರ್‌ನಲ್ಲಿ ಇಟ್ರೆ ಮಕ್ಕಳಿರೋ ಮನೇಲಿ ಏನು ಪ್ರಯೋಜನ, ಮತ್ತೆ ಎರಡು ರೈಫಲ್ ಇರೋರು ಬೋಲ್ಟ್ ಅದಲು ಬದಲು ಮಾಡಿಬಿಟ್ರೆ ಅದು ನಿಜಕ್ಕೂ ಅಪಾಯ, ಒಂದರ ಬೋಲ್ಟ್ ಇನ್ನೊಂದಕ್ಕೆ ಹೋದ ಹಾಗೆ ಅನ್ಸಿದ್ರೂ ಹೆಡ್‌ಸ್ಪೇಸ್, ಅಂದ್ರೆ ಬೋಲ್ಟ್ ಮುಖಕ್ಕೂ ಗುಂಡು ಕೂರೋ ಜಾಗಕ್ಕೂ ಮಧ್ಯದ ಅಂತರ, ಸರಿ ಇಲ್ಲದೆ ಇರ್ಬೋದು. ಪ್ರತಿ ಬೋಲ್ಟ್‌ಗೂ ಯಾವ ರೈಫಲ್ಲು ಅಂತ ಚೀಟಿ ಕಟ್ಟಿ ಇಡಿ.

ಇದನ್ನ ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ಸರಿಯಾಗಿ ಇಡದೇ ಇರೋದು ಇಲ್ಲಿ ಬರೀ ಫೈನ್ ವಿಷಯ ಅಲ್ಲ, ಕ್ರಿಮಿನಲ್ ಕೋಡ್‌ನ 86ನೇ ಸೆಕ್ಷನ್, ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, ಎರಡನೇ ಸಲಕ್ಕೆ 5 ವರ್ಷದವರೆಗೆ ಆಗ್ಬೋದು. ಸಿಟಿಜನ್ ಆದೋರಿಗೆ ಅದೊಂದು ತಲೆನೋವು ಅಷ್ಟೇ, ಆದ್ರೆ ವರ್ಕ್ ಪರ್ಮಿಟ್ಟು ಸ್ಟಡಿ ಪರ್ಮಿಟ್ಟಲ್ಲಿ ಇರೋರಿಗೆ ಇಂಥ ಒಂದು ಶಿಕ್ಷೆ ಬಿದ್ರೆ ಇಮಿಗ್ರೇಷನ್ ಕಾನೂನಿನ ಪ್ರಕಾರ ಈ ದೇಶದಲ್ಲಿ ಇರೋ ಅರ್ಹತೆಯೇ ಹೋಗ್ಬೋದು, ಪಿಆರ್ (ಕಾಯಂ ವಾಸದ ಅನುಮತಿ) ಇರೋರ ಸಿಟಿಜನ್‌ಶಿಪ್ ಅರ್ಜಿ ವರ್ಷಗಟ್ಲೆ ಮುಂದಕ್ಕೆ ಹೋಗತ್ತೆ. ಕೊಡಗಿನೋರಿಗೆ ಊರಲ್ಲಿ ಲೈಸೆನ್ಸ್ ವಿನಾಯಿತಿ ಇದೆ, ಮನೇಲಿ ಕೋವಿ ಗೋಡೆಗೆ ತೂಗುಹಾಕಿ ಬೆಳೆದಿರ್ತಾರೆ, ಆ ಅಭ್ಯಾಸ ಇಲ್ಲಿ ವಿಮಾನ ಇಳಿದ ತಕ್ಷಣ ಬಿಡ್ಬೇಕು.

ಇನ್ನು ಕೆಲಸ ಮಾಡ್ಸೋದು. ಜೆ-ಲಾಕ್ ಶ್ರೌಡ್ ಮಾತ್ರ ಬಿಚ್ಚಿ ಬೇರೆ ಶ್ರೌಡ್ ಸಿಕ್ಕಿಸಿದ್ರೆ ಆಯ್ತು ಅನ್ಕೊಬೇಡಿ. ಶ್ರೌಡ್, ಸ್ಪ್ರಿಂಗ್, ಫೈರಿಂಗ್ ಪಿನ್, ಕಾಕಿಂಗ್ ಪೀಸ್ (ಫೈರಿಂಗ್ ಪಿನ್‌ನ ಹಿಂದಿನ ತುದೀಲಿರೋ ಭಾಗ) ಎಲ್ಲಾ ಸೇರಿ ಒಂದೇ ಸೆಟ್ ಆಗಿ ಸಿಗತ್ತೆ, ಅದನ್ನೇ ತಗೊಳಿ. ಕಾಕಿಂಗ್ ಪೀಸ್ ಬದಲಾದ್ರೆ ಅದು ಟ್ರಿಗರ್‌ನ ಸಿಯರ್ (ಪಿನ್ನನ್ನ ಹಿಡಿದಿಡೋ ಕೊಕ್ಕೆ) ಮೇಲೆ ಕೂರೋ ರೀತಿ ಬದಲಾಗತ್ತೆ, ಸೇಫ್ಟಿ ನಿಂತಿರೋದೂ ಅದರ ಮೇಲೇ. ಅದಕ್ಕೇ ಗನ್‌ಸ್ಮಿತ್ ಹತ್ರ ಬೋಲ್ಟ್ ಒಂದನ್ನೇ ಕೊಡದೆ ಇಡೀ ರೈಫಲ್ ತಗೊಂಡು ಹೋಗಿ, ಪಿನ್ ಎಷ್ಟು ಮುಂದೆ ಬರ್ತಿದೆ ನೋಡಿ, ಸೇಫ್ಟಿ ಟೆಸ್ಟ್ ಮಾಡಿ ಕೊಡಿ ಅಂತ ಬಾಯಿ ಬಿಟ್ಟು ಕೇಳಿ. ಟೆಸ್ಟ್ ಅಂದ್ರೆ, ಖಾಲಿ ರೈಫಲ್‌ನಲ್ಲಿ ಸೇಫ್ಟಿ ಹಾಕಿ ಟ್ರಿಗರ್ ಒತ್ತಿ, ಟ್ರಿಗರ್ ಬಿಟ್ಟು, ಆಮೇಲೆ ಸೇಫ್ಟಿ ತೆಗೆದಾಗ ಪಿನ್ ಬೀಳ್ಬಾರ್ದು, ಬಿದ್ರೆ ಆ ರೈಫಲ್ ಅಂಗಡಿಯಿಂದ ಹೊರಗೆ ತರ್ಬೇಡಿ. ಗನ್‌ಸ್ಮಿತ್‌ಗೂ ಇಲ್ಲಿ ಬಿಸಿನೆಸ್ ಲೈಸೆನ್ಸ್ ಬೇಕು, ಗ್ಯಾರೇಜಲ್ಲಿ ಮಾಡ್ಕೊಡ್ತೀನಿ ಅನ್ನೋ ಪರಿಚಯದೋರನ್ನ ನಯವಾಗಿ ತಪ್ಪಿಸ್ಕೊಳಿ.

ಪಾರ್ಟ್ಸ್ ವಿಷಯಕ್ಕೆ ಬಂದ್ರೆ, 2023ರ ಡಿಸೆಂಬರ್‌ನಲ್ಲಿ ಕೋವಿ ನಿಯಂತ್ರಣದ ಸಿ-21 ಕಾನೂನು ಆದ್ಮೇಲೆ ಬ್ಯಾರೆಲ್ಲು, ಹ್ಯಾಂಡ್‌ಗನ್ ಸ್ಲೈಡು ಇವನ್ನ ತಗೊಳ್ಳೋಕೂ ಲೈಸೆನ್ಸ್ ತೋರಿಸ್ಬೇಕು, ಬೋಲ್ಟ್ ಶ್ರೌಡು ಆ ಸಾಲಿಗೆ ಸೇರಲ್ಲ. ಆದ್ರೂ ಕೆನಡಾದ ಅಂಗಡೀಲೇ ತಗೊಳಿ, ಅಮೆರಿಕದ ಆನ್‌ಲೈನ್ ಅಂಗಡಿಗಳು ಅವರ ಎಕ್ಸ್‌ಪೋರ್ಟ್ ನಿಯಮದ ಗಲಾಟೆಗೆ ಹೆದರಿ ಕೋವಿ ಪಾರ್ಟ್ಸ್ ಅಂದ್ರೆ ಸಾಕು ಆರ್ಡರ್ ಕ್ಯಾನ್ಸಲ್ ಮಾಡೋದು ಜಾಸ್ತಿ.

ಅಂಗಡಿಗೆ ಕಾರಲ್ಲಿ ತಗೊಂಡು ಹೋಗುವಾಗ ರೈಫಲ್ ಖಾಲಿ ಇದ್ರೆ ಸಾಕು, ಲಾಕ್ ಕಡ್ಡಾಯ ಅಲ್ಲ. ಮಧ್ಯೆ ಕಾಫಿಗೆ ಅಂತ ಕಾರ್ ಬಿಟ್ಟು ಹೋಗ್ತೀರಿ ಅಂದ್ರೆ ಮಾತ್ರ ಡಿಕ್ಕೀಲಿ ಹಾಕಿ ಲಾಕ್ ಮಾಡ್ಬೇಕು, ಡಿಕ್ಕಿ ಇಲ್ಲದ ಗಾಡಿ ಆದ್ರೆ ಹೊರಗಿನೋರಿಗೆ ಕಾಣದ ಹಾಗೆ ಇಟ್ಟು ಗಾಡಿ ಲಾಕ್ ಮಾಡ್ಬೇಕು. ಲೈಸೆನ್ಸ್ ಜೇಬಲ್ಲಿರ್ಲಿ.

ಇನ್ನೂ ರೈಫಲ್ ತಗೊಂಡಿಲ್ಲ, ನೋಡ್ತಿದ್ದೀವಿ ಅನ್ನೋರಿಗೆ ಬೇಗ ಹೇಳ್ತೀನಿ. ಮೊದಲು ಫೈರ್‌ಆರ್ಮ್ಸ್ ಸೇಫ್ಟಿ ಕೋರ್ಸ್ ಪಾಸ್ ಮಾಡಿ, ಆಮೇಲೆ ಆರ್‌ಸಿಎಂಪಿಗೆ (ಕೆನಡಾದ ಫೆಡರಲ್ ಪೊಲೀಸ್) ಪಿಎಎಲ್, ಅಂದ್ರೆ ಕೋವಿ ತಗೊಂಡು ಇಟ್ಕೊಳ್ಳೋ ಲೈಸೆನ್ಸ್‌ಗೆ, ಅರ್ಜಿ, ಹೊಸಬರಿಗೆ ಕನಿಷ್ಠ 28 ದಿನ ಕಾಯೋದು ಇದ್ದೇ ಇದೆ, ಲೈಸೆನ್ಸ್ 5 ವರ್ಷಕ್ಕೆ ಸಿಗತ್ತೆ, ಮನೆ ಬದಲಾಯಿಸಿದ್ರೆ 30 ದಿನದೊಳಗೆ ಹೊಸ ವಿಳಾಸ ತಿಳಿಸ್ಬೇಕು, ಬಾಡಿಗೆ ಮನೆ ಮೇಲಿಂದ ಮೇಲೆ ಬದಲಾಯಿಸೋ ನಮ್ಮೋರು ಇದನ್ನ ಮರೀತಾರೆ. ಬೇಟೆಗೆ ನಿಮ್ಮ ಪ್ರಾವಿನ್ಸ್‌ನ ಲೈಸೆನ್ಸ್ ಬೇರೆ ಬೇಕು, ಒಂಟಾರಿಯೋದಲ್ಲಾದ್ರೆ ಔಟ್‌ಡೋರ್ಸ್ ಕಾರ್ಡು. 2022ರ ಮೇ ಇಂದ ಮಾರೋರು ನಿಮ್ಮ ಲೈಸೆನ್ಸ್ ಚಾಲ್ತೀಲಿದೆಯಾ ಅಂತ ಸರ್ಕಾರದ ಹತ್ರ ಚೆಕ್ ಮಾಡಿ ರೆಫರೆನ್ಸ್ ನಂಬರ್ ತಗೊಂಡೇ ರೈಫಲ್ ಕೈಗೆ ಕೊಡ್ಬೇಕು, ಅದೆಲ್ಲಾ ಬೇಡ ಬಿಡಿ, ಕ್ಯಾಶ್ ಕೊಡಿ ಅನ್ನೋರ ಹತ್ರ ತಗೊಬೇಡಿ. ತಗೊಳ್ಳೋ ರೈಫಲ್ 700 ಆಗಿದ್ದು 2006ರ ಮೇ ಮತ್ತು 2014ರ ಏಪ್ರಿಲ್ ಮಧ್ಯೆ ತಯಾರಾಗಿದ್ರೆ, ಬೋಲ್ಟ್ ಲಾಕ್ ವಿಷಯ ಆಮೇಲೆ, ಎಕ್ಸ್-ಮಾರ್ಕ್ ಪ್ರೋ ಟ್ರಿಗರ್‌ನ ರೀಕಾಲ್ (ದೋಷ ಇದೆ ಅಂತ ಕಂಪನಿ ವಾಪಸ್ ಕರೆಸಿದ್ದು) ಕೆಲಸ ಆಗಿದೆಯಾ ಅಂತ ಮಾರೋರನ್ನ ಮೊದಲು ಕೇಳಿ.