ಘಾಟಿಯಲ್ಲಿ ಕೈಕೊಡುವ ಕಾರ್ ಎಸಿ: ಕಂಪ್ರೆಸರ್ ಮುಟ್ಟದೆ ಸರಿಮಾಡಿದ್ದು

ಹಾಸನದ ಶೆಡ್ಡಿನಲ್ಲಿ ತಣ್ಣಗೆ ಕೊರೆಯುವ ಎಸಿ, ಶಿರಾಡಿ ಘಾಟಿಯಲ್ಲಿ ಗುಂಡ್ಯದಿಂದ ಮಾರನಹಳ್ಳಿ ಕಡೆ ಹತ್ತುವಾಗ ಟ್ಯಾಂಕರ್ ಹಿಂದೆ ಎರಡನೇ ಗೇರಿನಲ್ಲಿ ಸಿಕ್ಕಿಕೊಂಡರೆ ಬಿಸಿ ಗಾಳಿ ಬಿಡುತ್ತದೆ. ಸಕಲೇಶಪುರ ದಾಟಿ ವೇಗ ಸಿಕ್ಕಿತೋ, ಮತ್ತೆ ತಣ್ಣಗೆ. ಈ ದೂರು ಬಂದರೆ ಮೊದಲ ಸಲ ಗ್ಯಾಸ್ ಹೊಡೆಯುತ್ತಾರೆ, ಎರಡನೇ ಸಲ ‘ಕಂಪ್ರೆಸರ್ ವೀಕ್ ಆಗಿದೆ’ ಅಂತ ಇಪ್ಪತ್ತು ಸಾವಿರದ ಲೆಕ್ಕ ಕೊಡುತ್ತಾರೆ. ಇದೇ ದೂರಿನ ಹತ್ತು ಹನ್ನೊಂದು ಗಾಡಿಗಳನ್ನು ಕಂಪ್ರೆಸರಿಗೆ ಸ್ಪ್ಯಾನರ್ ಹಾಕದೆ, ಗಾಳಿಯ ದಾರಿ ಸರಿಮಾಡಿ, ಸಂದು ಮುಚ್ಚಿಯೇ ಸರಿಮಾಡಿದ್ದೇನೆ. ‘ಸ್ಪಂಜ್ ಅಂಟಿಸಿದರೆ ಎಸಿ ರಿಪೇರಿ ಆಗುತ್ತಾ’ ಅಂದವರೇ ಈಗ ಗಾಡಿ ಕಳಿಸುತ್ತಿದ್ದಾರೆ.

ಎಲ್ಲರೂ ಎಡವುವುದು ಟೆಸ್ಟಿನಲ್ಲಿ. ಬೆಳಿಗ್ಗೆ ಇಪ್ಪತ್ತನಾಲ್ಕು ಡಿಗ್ರಿಯಲ್ಲಿ, ಬಾನೆಟ್ ಎತ್ತಿಟ್ಟು, ಐದು ನಿಮಿಷ ಗೇಜ್ ನೋಡಿದರೆ ಹೈ ಸೈಡ್ (ಕಂಪ್ರೆಸರ್ ಗ್ಯಾಸನ್ನು ಒತ್ತಿ ಕಳಿಸುವ ಕಡೆಯ ಪ್ರೆಷರ್) 170–180 ಪಿಎಸ್‌ಐ ತೋರಿಸುತ್ತದೆ. ಯಾವ ದೋಷವೂ ಕಾಣುವುದಿಲ್ಲ. ಬಾನೆಟ್ ತೆರೆದಿದ್ದರೆ ರೇಡಿಯೇಟರ್ ದಾಟಿ ಬಂದ ಬಿಸಿ ಗಾಳಿ ಮೇಲೆ ಹೊರಟುಹೋಗುತ್ತದೆ. ಮುಚ್ಚಿದಾಗ ಅದೇ ಗಾಳಿ ಸಂದು ಹುಡುಕಿಕೊಂಡು ಸುತ್ತಿ ಮತ್ತೆ ಕಂಡೆನ್ಸರ್ (ರೇಡಿಯೇಟರ್ ಮುಂದಿರುವ, ಎಸಿ ಗ್ಯಾಸಿನ ಬಿಸಿ ಹೊರಬಿಡುವ ಜಾಲರಿ) ಮುಂದೆ ಬರುತ್ತದೆ. ಹಾಗಾಗಿ ಮಧ್ಯಾಹ್ನದ ಬಿಸಿಲಿಗೆ ಗಾಡಿ ನಿಲ್ಲಿಸಿ, ಗೇಜಿನ ಹೋಸು ಜಜ್ಜಿಹೋಗದಂತೆ ಬಾನೆಟ್ಟನ್ನು ಮೊದಲ ಲಾಕಿನವರೆಗೆ ಇಳಿಸಿ, ಎಸಿ ಫುಲ್ ಇಟ್ಟು, ಐಡ್ಲಿಂಗಿನಲ್ಲಿ ಇಪ್ಪತ್ತು ನಿಮಿಷ ಬಿಡಿ. ಫ್ರಿಜ್ಜಿಗೆ ಬಳಸುವ ವೈರ್ ಇರುವ ಡಿಜಿಟಲ್ ಥರ್ಮಾಮೀಟರ್ ಇನ್ನೂರು ರೂಪಾಯಿಗೆ ಸಿಗುತ್ತದೆ. ಅದರ ಸೆನ್ಸರನ್ನು ಗ್ರಿಲ್ಲಿಗೂ ಕಂಡೆನ್ಸರಿಗೂ ನಡುವೆ ಇಳಿಬಿಡಿ. ಹೊರಗೆ 30 ಇದ್ದು ಅಲ್ಲಿ 44–45 ತೋರಿಸಿದರೆ ರೋಗ ಸಿಕ್ಕಿತು. ನನ್ನ ಒಂದು ಗಾಡಿಯಲ್ಲಿ ಅಷ್ಟು ಹೊತ್ತಿಗೆ ಹೈ ಸೈಡ್ 300ರ ಹತ್ತಿರ ಹೋಗಿತ್ತು, ಒಳಗಿನ ವೆಂಟಿನಿಂದ ಬರುವ ಗಾಳಿ 9 ಡಿಗ್ರಿಯಿಂದ 19ಕ್ಕೆ ಏರಿತ್ತು. ಘಾಟಿಯಲ್ಲಿ ಇಂಜಿನ್ ಲೋಡೂ ಸೇರಿ ಪ್ರೆಷರ್ ಇನ್ನೂ ಏರಿದರೆ ಪ್ರೆಷರ್ ಸ್ವಿಚ್ಚು ಕಂಪ್ರೆಸರಿನ ಕ್ಲಚ್ಚನ್ನು ಬಿಡಿಸುತ್ತದೆ. ಅದು ಕಂಪ್ರೆಸರನ್ನು ಉಳಿಸಿಕೊಳ್ಳುವ ಕೆಲಸ. ಜನ ಅದನ್ನೇ ಕಂಪ್ರೆಸರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಖಾತ್ರಿಗೆ ಅದೇ ಸ್ಥಿತಿಯಲ್ಲಿ ಗ್ರಿಲ್ ಮೂಲಕ ಕಂಡೆನ್ಸರ್ ಮೇಲೆ ತೆಳುವಾಗಿ ನೀರು ಸಿಂಪಡಿಸಿ. ಒಂದು ನಿಮಿಷದಲ್ಲಿ ಪ್ರೆಷರ್ ಇಳಿದು ವೆಂಟ್ ತಣ್ಣಗಾದರೆ ಗ್ಯಾಸ್ ಬಾಟಲಿ ಒಳಗಿಡಿ, ಹೆಚ್ಚಾಗಿ ತಪ್ಪು ಗಾಳಿಯ ದಾರಿಯಲ್ಲಿರುತ್ತದೆ.

ಆಮೇಲೆ ಫ್ಯಾನ್. ಒಂದು ಪೇಪರ್ ಹಾಳೆಯನ್ನು ಗ್ರಿಲ್ಲಿಗೆ ಹಿಡಿಯಿರಿ, ಅಂಟಿಕೊಂಡು ನಿಲ್ಲಬೇಕು. ಹಾರಿ ಬಿದ್ದರೆ ಫ್ಯಾನ್ ಉಲ್ಟಾ ತಿರುಗುತ್ತಿದೆ. ಮೋಟರ್ ಬದಲಿಸುವಾಗ ಪ್ಲಸ್ಸು ಮೈನಸ್ಸು ಅದಲುಬದಲು ಮಾಡಿದ ಗಾಡಿ ಎರಡು ಸಿಕ್ಕಿವೆ. ಫ್ಯಾನ್ ತಿರುಗುವುದು ಕಣ್ಣಿಗೆ ಕಾಣುವುದರಿಂದ ಯಾರೂ ಅದನ್ನು ಅನುಮಾನಿಸಿರಲಿಲ್ಲ. ಲೋ ಸ್ಪೀಡ್ ಸತ್ತು ಹೈ ಮಾತ್ರ ಇದ್ದರೆ ಹೆಚ್ಚಾಗಿ ಶ್ರೌಡಿನ (ಫ್ಯಾನ್ ಸುತ್ತಲಿನ ಚೌಕಟ್ಟಿನ) ರೆಸಿಸ್ಟರ್ ಸುಟ್ಟಿರುತ್ತದೆ. ಒಳಗಿನ ಕಾರ್ಬನ್ ಬ್ರಷ್ ಸವೆದ ಮೋಟರ್ ತಣ್ಣಗಿದ್ದಾಗ ಓಡಿ, ಬಿಸಿಯಾದ ಮೇಲೆ ನಿಧಾನವಾಗುತ್ತದೆ. ಅದಕ್ಕೂ ಇಪ್ಪತ್ತು ನಿಮಿಷದ ಟೆಸ್ಟೇ ಬೇಕು.

ತೋಟದ ಗಾಡಿಗಳಲ್ಲಿ ಕಂಡೆನ್ಸರ್ ಮುಂಭಾಗ ನೋಡಿ ಮೋಸ ಹೋಗಬೇಡಿ. ಅದು ಹೊಳೆಯುತ್ತಿರುತ್ತದೆ, ಕಸ ಇರುವುದು ಅದರ ಬೆನ್ನಿಗೆ. ಬೋಲ್ಟ್ ಬಿಚ್ಚಿ ಪೈಪ್ ತಿರುಚದಂತೆ ಎರಡು ಇಂಚು ಮುಂದಕ್ಕೆ ವಾಲಿಸಿದರೆ ರೇಡಿಯೇಟರ್ ನಡುವೆ ಕೆಂಪು ಮಣ್ಣು, ಸಿಲ್ವರ್ ಓಕ್ ಎಲೆಯ ಚೂರು, ಹುಳದ ರೆಕ್ಕೆ ಎಲ್ಲ ಸೇರಿ ಕಂಬಳಿಯ ಹಾಗೆ ಕೂತಿರುತ್ತದೆ. ಒಣಗಿದ್ದಾಗ ಬ್ರಷ್ಷಿನಿಂದ ಮೇಲಿಂದ ಕೆಳಗೆ ಎಳೆಯಿರಿ, ಆಮೇಲೆ ಇಂಜಿನ್ ಕಡೆಯಿಂದ ಮುಂದಕ್ಕೆ ಸಾದಾ ಪೈಪ್ ನೀರು. ವಾಟರ್ ಸರ್ವಿಸಿನ ಗನ್ ಹಿಡಿದರೆ ಕಂಡೆನ್ಸರಿನ ತೆಳು ತಗಡಿನ ಫಿನ್ನುಗಳು ಮಲಗಿಬಿಡುತ್ತವೆ. ಒಂದು ಕಂಡೆನ್ಸರನ್ನು ಹಾಗೆ ಹಾಳುಮಾಡಿ ಐದು ಸಾವಿರದ ಹತ್ತಿರ ಕೈಯಿಂದ ಕಟ್ಟಿದ್ದೇನೆ.

ಇಷ್ಟು ಮಾಡಿದರೂ ಅರ್ಧ ಗಾಡಿಗಳು ಪೂರ್ತಿ ಸರಿಯಾಗಲಿಲ್ಲ. ಅವುಗಳಲ್ಲಿ ಹೆಚ್ಚಿನವು ಮುಂದಿನಿಂದ ಗುದ್ದಿ ಟಿಂಕರಿಂಗ್ ಆದವು. ಬಂಪರ್, ಪೇಂಟ್ ಎಲ್ಲ ಚೆನ್ನಾಗಿರುತ್ತದೆ. ಆದರೆ ರೇಡಿಯೇಟರ್ ಸುತ್ತ ಕಂಪನಿಯಿಂದ ಬಂದಿದ್ದ ಸ್ಪಂಜ್ ಪಟ್ಟಿ, ಪಕ್ಕದ ಪ್ಲಾಸ್ಟಿಕ್ ತಡೆಗಳನ್ನು ವಾಪಸ್ ಹಾಕಿರುವುದೇ ಇಲ್ಲ. ಬೆರಳು ತೂರುವಷ್ಟು ಸಂದು. ಗಾಡಿ ಓಡುವಾಗ ಎದುರು ಗಾಳಿ ಇರುವುದರಿಂದ ಗೊತ್ತಾಗುವುದಿಲ್ಲ, ನಿಂತಾಗ ಬಿಸಿ ಗಾಳಿ ಅಲ್ಲಿಂದಲೇ ವಾಪಸ್ ಬರುತ್ತದೆ.

ಮೊದಲು ಸೋಫಾ ಸ್ಪಂಜ್ ಕತ್ತರಿಸಿ ತುಂಬಿದೆ. ಜುಲೈ ಮಳೆಗೆ ನೀರು ಕುಡಿದು ಕೆಸರಾಗಿ ಉದುರಿತು. ದೊಡ್ಡ ಫ್ಯಾನ್ ಮೋಟರ್ ಹಾಕಿ ನೋಡಿದೆ, ಕನೆಕ್ಟರ್ ಕರಗಿ ಎರಡೂವರೆ ಸಾವಿರ ನೀರಿಗೆ ಹೋಯಿತು. ಗ್ಯಾಸ್ ಐವತ್ತು ಗ್ರಾಂ ಕಡಿಮೆ ಮಾಡಿದರೆ ಘಾಟಿಯಲ್ಲಿ ಪ್ರೆಷರ್ ಇಳಿಯಿತು, ಹೈವೇಯಲ್ಲಿ ಕೂಲಿಂಗ್ ಸತ್ತಿತು. ಸಣ್ಣ ಗಾಡಿಗೆ ಒಟ್ಟು ನಾನೂರು ಗ್ರಾಂ ಆಸುಪಾಸು ಹಿಡಿಯುವಾಗ ಐವತ್ತು ಸಣ್ಣ ಲೆಕ್ಕವಲ್ಲ. ಕೊನೆಗೆ ನಿಂತಿದ್ದು ಕಾರ್ ಬಾಗಿಲಿಗೆ ಹಾಕುವ, ನೀರು ಹೀರದ ರಬ್ಬರ್ ಫೋಮಿನ ಬೀಡಿಂಗ್. ಎರಡು ಪಕ್ಕ, ಮೇಲೆ, ಕೆಳಗೆ ಸೇರಿ ಮೂರು ಮೀಟರ್ ಸಾಕು, ನೂರೈವತ್ತು ರೂಪಾಯಿ. ಕೂಲಿ ಸೇರಿ ಸಾವಿರದ ಒಳಗೆ ಕೆಲಸ ಮುಗಿಯುತ್ತದೆ. ಮೊದಲು ಹೇಳಿದ ಗಾಡಿಯಲ್ಲಿ ಬಾನೆಟ್ ಮುಚ್ಚಿ ಇಪ್ಪತ್ತು ನಿಮಿಷಕ್ಕೆ ಹೈ ಸೈಡ್ 210, ವೆಂಟ್ 11–12ಕ್ಕೆ ನಿಂತಿತು. ಇಂಜಿನ್ ಬಿಸಿಗೆ ಬಿಡದ ಗಮ್ ಯಾವುದು, ಬಂಪರ್ ಬಿಚ್ಚದೆ ಕೆಳಗಿನ ಪಟ್ಟಿ ಹೇಗೆ ಕೂರಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನ.

ಮನೆಯ ಎಸಿಗೂ ಇದೇ ಮಾತು. ನಮ್ಮ ಕಡೆ ಮಳೆಗಾಲಕ್ಕೆ ಔಟ್‌ಡೋರ್ ಯೂನಿಟ್ಟಿಗೆ ಟಾರ್ಪಾಲು ಕಟ್ಟುತ್ತಾರೆ, ಮಾರ್ಚಿನಲ್ಲಿ ಮುಂಭಾಗ ಮಾತ್ರ ಬಿಚ್ಚುತ್ತಾರೆ. ಹಿಂದೆ ಗಾಳಿ ಎಳೆಯುವ ಜಾಗ ಮುಚ್ಚಿಯೇ ಇರುತ್ತದೆ. ಗ್ರಿಲ್ ಹಾಕಿದ ಯುಟಿಲಿಟಿಯಲ್ಲಿಟ್ಟ ಯೂನಿಟ್ಟಿನ ಎದುರು ಒಂದಡಿಗೆ ಗೋಡೆ ಇದ್ದರೂ ಅಷ್ಟೇ. ಮೊದಲು ಯೂನಿಟ್ ಹಿಂದೆ ಥರ್ಮಾಮೀಟರ್ ಇಡಿ, ಗ್ಯಾಸ್ ಆಮೇಲೆ ನೋಡಿಕೊಳ್ಳೋಣ.

ಬದಲಿಸುವ ಮೊದಲು ಅಳೆದು ನೋಡಬೇಕು ಅನ್ನುವುದು ಸೀಲಿಂಗ್ ಫ್ಯಾನಿಗೂ ಅಷ್ಟೇ. ಫ್ಯಾನ್ ನಿಧಾನ ಅನ್ನುವ ದೂರಿನಲ್ಲಿ ಹೆಚ್ಚಿನವು ಕೆಪಾಸಿಟರ್, ಅಂದರೆ ಮೋಟರಿಗೆ ತಿರುಗುವ ಬಲ ಕೊಡುವ ಸಣ್ಣ ಡಬ್ಬಿ. ಮೇಲೆ 2.5 ಮೈಕ್ರೋಫ್ಯಾರಡ್ ಅಂತ ಬರೆದಿರುತ್ತದೆ, ಮೀಟರಿಗೆ 1.6 ಬರುತ್ತದೆ. ಬದಲಿಸುವ ಮೊದಲು ವೋಲ್ಟೇಜ್ ನೋಡಿ. ಸಂಜೆ 170ಕ್ಕೆ ಇಳಿಯುವ ತೋಟದ ಲೈನಿನ ಮನೆಗಳಲ್ಲಿ ಹೊಸ ಕೆಪಾಸಿಟರ್ ಹಾಕಿದರೂ ಫ್ಯಾನ್ ಅಷ್ಟೇ ಓಡುತ್ತದೆ. ಅಂಥ ಕಡೆ 3.15 ಹಾಕಿ ನೋಡಿದೆ. ಸ್ಪೀಡ್ ಸ್ವಲ್ಪ ಏರಿತು, ಆದರೆ ರಾತ್ರಿ ಹನ್ನೊಂದರ ಮೇಲೆ ವೋಲ್ಟೇಜ್ 230ಕ್ಕೆ ಬಂದಾಗ ಮೋಟರ್ ಕೈಯಿಡಲಾಗದಷ್ಟು ಬಿಸಿಯಾಗಿ ವಾರ್ನಿಷ್ ವಾಸನೆ ಬಂತು. ಬಿಚ್ಚಿ 2.5 ಅನ್ನೇ ವಾಪಸ್ ಹಾಕಿದೆ.