ನ್ಯೂ ಆರ್ಲಿನ್ಸ್‌ಗೆ ಹೋದರೆ ಭಾನುವಾರ ಅಲ್ಲೇ ಇರಿ

ಜಾಝ್ ಸಂಗೀತದ ತವರಾದ ಅಮೆರಿಕದ ನ್ಯೂ ಆರ್ಲಿನ್ಸ್‌ಗೆ ಹೋಗಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಒಂದೇ ಮಾತು: ಭಾನುವಾರ ಆ ಊರಲ್ಲಿ ಇರುವ ಹಾಗೆ ನೋಡಿಕೊಳ್ಳಿ. ಬಹಳ ಜನ ಶುಕ್ರವಾರ ರಾತ್ರಿ ಬರುತ್ತಾರೆ, ಶನಿವಾರ ಊರಿನ ಹಳೆಯ ಭಾಗವಾದ ಫ್ರೆಂಚ್ ಕ್ವಾರ್ಟರ್ ಸುತ್ತುತ್ತಾರೆ, ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ವಾಪಸ್ ಹೊರಡುತ್ತಾರೆ. ಊರಿನವರು ತಮಗಾಗಿ ನುಡಿಸಿಕೊಳ್ಳುವ ಸಂಗೀತ ಶುರುವಾಗುವುದು ಇವರೆಲ್ಲ ಹೊರಟ ಮೇಲೆ.

ನಾವಿರುವುದು ಹ್ಯೂಸ್ಟನ್‌ನಲ್ಲಿ. ಐ-10 ಹೆದ್ದಾರಿ ಹಿಡಿದರೆ ಆರು ಗಂಟೆಯ ಆಸುಪಾಸಿನ ದಾರಿ. ಹಾಗಾಗಿ ಮೈಸೂರಿನಿಂದ ಯಾರೇ ಬರಲಿ, ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು ನಮ್ಮನೆಯಲ್ಲಿ ರೂಢಿಯಾಗಿಬಿಟ್ಟಿದೆ. ಕಳೆದ ಸಲ ಅಪ್ಪ, ಅಮ್ಮ ಬಂದಿದ್ದರು. ಅಪ್ಪ ಚಿಕ್ಕಂದಿನಲ್ಲಿ ಮೃದಂಗ ಕಲಿತವರು. ಅಮ್ಮನಿಗೆ ಮಂಡಿ ನೋವು, ಜಾಸ್ತಿ ನಡೆಯಲಾಗದು. ಅವರಿಬ್ಬರನ್ನೂ ಇಟ್ಟುಕೊಂಡು ನಾನು ಹೇಗೆ ಊರು ತೋರಿಸಿದೆ ಅನ್ನುವುದನ್ನು ಬರೆಯುತ್ತೇನೆ. ವಯಸ್ಸಾದವರ ಜೊತೆ ಹೋಗುವವರಿಗೆ ಉಪಯೋಗವಾಗಬಹುದು.

ಹೋಟೆಲ್ ಬುಕ್ ಮಾಡುವುದಕ್ಕೂ ಮೊದಲು ನಾನು ಮಾಡುವ ಕೆಲಸ ಅಂದರೆ ಡಬ್ಲ್ಯೂಡಬ್ಲ್ಯೂಓಜ಼ೆಡ್ (WWOZ) ಅನ್ನುವ ಆ ಊರಿನ ರೇಡಿಯೋ ಹಾಕಿಕೊಳ್ಳುವುದು. 90.7 ಎಫ್‌ಎಂ. ಕೇಳುಗರ ಹಣದಿಂದ ನಡೆಯುವ, 1980ರಲ್ಲಿ ಶುರುವಾದ ಸ್ಟೇಷನ್. ಹಾಡು ಹಾಕುವವರೆಲ್ಲ ಸ್ವಯಂಸೇವಕರು. ಇಂಟರ್ನೆಟ್‌ನಲ್ಲೂ ಕೇಳಬಹುದು, ಹಾಗಾಗಿ ಹೊರಡುವ ಹದಿನೈದು ದಿನ ಮೊದಲಿಂದಲೇ ನಮ್ಮ ಅಡುಗೆಮನೆಯಲ್ಲಿ ಅದೇ ಓಡುತ್ತಿರುತ್ತದೆ. ಯಾವತ್ತು, ಎಲ್ಲಿ, ಯಾರು ನುಡಿಸುತ್ತಾರೆ ಅನ್ನುವ ಪಟ್ಟಿಯನ್ನು ಅವರು ದಿನಾ ಹಾಕುತ್ತಾರೆ. ಭಾನುವಾರದ ಮೆರವಣಿಗೆ ಹೊರಡುವ ಜಾಗ, ಸಾಗುವ ಬೀದಿಗಳು, ನಡುವೆ ನಿಲ್ಲುವ ತಾಣಗಳು, ಎಲ್ಲವೂ ಅಲ್ಲಿ ಸಿಗುತ್ತವೆ. ಟೂರಿಸ್ಟ್ ಕೈಪಿಡಿಗಿಂತ ನನಗೆ ಇದರ ಮೇಲೆ ನಂಬಿಕೆ ಜಾಸ್ತಿ.

ಆ ಮೆರವಣಿಗೆಗೆ ಅಲ್ಲಿ ಸೆಕೆಂಡ್ ಲೈನ್ ಅನ್ನುತ್ತಾರೆ. ಬೇಸಿಗೆಯ ಕಡು ಬಿಸಿಲಿನ ವಾರಗಳನ್ನು ಬಿಟ್ಟರೆ ಹೆಚ್ಚುಕಮ್ಮಿ ಪ್ರತಿ ಭಾನುವಾರ ಮಧ್ಯಾಹ್ನ ಊರಿನ ಯಾವುದಾದರೂ ಒಂದು ಬಡಾವಣೆಯಲ್ಲಿ ನಡೆಯುತ್ತದೆ, ನಾಲ್ಕು ಗಂಟೆ ಹೊತ್ತು ಬೀದಿಬೀದಿ ಸುತ್ತುತ್ತದೆ. ನಡೆಸುವವರು ಸೋಷಿಯಲ್ ಏಡ್ ಅಂಡ್ ಪ್ಲೆಷರ್ ಕ್ಲಬ್‌ಗಳು. ಕರಿಯರಿಗೆ ಯಾವ ಇನ್ಶೂರೆನ್ಸ್ ಕಂಪನಿಯೂ ಬಾಗಿಲು ತೆರೆಯದ ಕಾಲದಲ್ಲಿ ಕಾಯಿಲೆ ಬಿದ್ದವರ ಔಷಧಿಗೆ, ಸತ್ತವರ ಮಣ್ಣಿಗೆ ಅಂತ ತಾವೇ ಚಂದಾ ಎತ್ತಿ ಕಟ್ಟಿಕೊಂಡ ಸಂಘಗಳ ಪರಂಪರೆ ಇದು. ಯಂಗ್ ಮೆನ್ ಒಲಿಂಪಿಯನ್ ಅನ್ನುವ ಸಂಘ 1884ರಿಂದ ಇದೆ. ಸಂಘದವರು ಒಂದೇ ಬಣ್ಣದ ಸೂಟು, ಟೋಪಿ, ಗರಿಯ ಬೀಸಣಿಗೆ ಹಿಡಿದು ಬ್ಯಾಂಡಿನ ಜೊತೆ ಮುಂದೆ ಕುಣಿಯುತ್ತಾರೆ. ಹಿಂದೆ ಬರುವ ಜನಸಾಗರವೇ ಸೆಕೆಂಡ್ ಲೈನ್. ಟಿಕೆಟ್ ಇಲ್ಲ, ಆಹ್ವಾನ ಬೇಕಿಲ್ಲ, ಯಾರು ಬೇಕಾದರೂ ಸೇರಿಕೊಳ್ಳಬಹುದು.

ಅಮ್ಮ ಇಷ್ಟು ದೂರ ನಡೆಯಲಾರರು ಅಲ್ವಾ? ಅದಕ್ಕೆ ಶುರುವಾಗುವ ಜಾಗಕ್ಕೆ ನಾನು ಹೋಗಲೇ ಇಲ್ಲ. ಬೀದಿಗಳ ಪಟ್ಟಿ ನೋಡಿ, ಎರಡನೇ ನಿಲ್ದಾಣಕ್ಕೆ ಒಂದು ಬ್ಲಾಕ್ ಮುಂಚೆ ಒಂದು ಓಕ್ ಮರದ ಕೆಳಗೆ ಮಡಚುವ ಕುರ್ಚಿ ಹಾಕಿದೆ. ಗಾಡಿಯನ್ನು ಮೆರವಣಿಗೆ ಹಾದುಹೋಗದ ಅಡ್ಡರಸ್ತೆಯಲ್ಲಿ ನಿಲ್ಲಿಸಿದೆ, ಇಲ್ಲದಿದ್ದರೆ ಸಂಜೆವರೆಗೂ ಹೊರಗೆ ತೆಗೆಯಲಾಗುವುದಿಲ್ಲ. ಅಕ್ಕಪಕ್ಕದ ಮನೆಯವರು ಜಗುಲಿಯಲ್ಲಿ ಆಗಲೇ ಕೂತಿದ್ದರು. ಮೊದಲು ಪೊಲೀಸ್ ಗಾಡಿ ಬಂತು. ಆಮೇಲೆ ದೂರದಿಂದ ಹೆಗಲಿಗೆ ಸುತ್ತಿಕೊಂಡು ಊದುವ ದೊಡ್ಡ ತುತ್ತೂರಿ ಸೂಸಫೋನಿನ ಬುಂಬುಂ. ಕೈಗಾಡಿಯಲ್ಲಿ ಐಸ್‌ಪೆಟ್ಟಿಗೆ ತಳ್ಳಿಕೊಂಡು ನೀರು ಮಾರುವವರು, ಪಿಕಪ್ ಟ್ರಕ್ಕಿನ ಹಿಂದೆ ಕೆಂಡದ ಮೇಲೆ ಮಾಂಸ ಸುಡುವವರು, ಅವರ ಹಿಂದೆ ಇಡೀ ಬೀದಿ ತುಂಬಿ ಬ್ಯಾಂಡು.

ಅಪ್ಪ ಸೀದಾ ದೊಡ್ಡ ಡ್ರಮ್ಮಿನವನ ಪಕ್ಕ ಹೋಗಿ ನಿಂತರು. ಹಿತ್ತಾಳೆ ತುತ್ತೂರಿಗಳ ಈ ಬ್ರಾಸ್ ಬ್ಯಾಂಡಿನಲ್ಲಿ ಒಬ್ಬನೇ ಕೂತು ಎಲ್ಲ ಡ್ರಮ್ ಬಾರಿಸುವುದಿಲ್ಲ. ಸಣ್ಣ ಡ್ರಮ್ಮಿಗೆ ಒಬ್ಬ, ದೊಡ್ಡದಕ್ಕೆ ಇನ್ನೊಬ್ಬ. ದೊಡ್ಡ ಡ್ರಮ್ಮಿನ ನೆತ್ತಿಯ ಮೇಲೆ ಒಂದು ತಾಳದ ತಟ್ಟೆ ಬಿಗಿದಿರುತ್ತಾರೆ. ಬಲಗೈಯಲ್ಲಿ ಕೋಲು, ಎಡಗೈಯಲ್ಲಿ ಒಂದು ಸ್ಕ್ರೂಡ್ರೈವರ್. ಹೌದು, ಸ್ಕ್ರೂಡ್ರೈವರ್ರೇ. ಕೆಲವರು ಬಟ್ಟೆ ನೇತುಹಾಕುವ ಹ್ಯಾಂಗರಿನ ತಂತಿ ಬಗ್ಗಿಸಿಕೊಂಡಿರುತ್ತಾರೆ. ಅದರಿಂದ ತಟ್ಟೆಗೆ ಟಣ್ ಟಣ್ ಅಂತ ಹೊಡೆಯುತ್ತಲೇ ಬಲಗೈಯಲ್ಲಿ ಚರ್ಮಕ್ಕೆ ಪೆಟ್ಟು. ಅಪ್ಪ ಸ್ವಲ್ಪ ಹೊತ್ತು ತೊಡೆಯ ಮೇಲೆ ತಾಳ ಹಾಕಿ ಎಣಿಸಿದರು. ಆಮೇಲೆ ನನ್ನ ಭುಜ ತಟ್ಟಿ, "ಕೇಳಮ್ಮ ಇಲ್ಲಿ. ಆದಿತಾಳದ ಹಾಗೆ ಎಂಟು ಎಣಿಸು. ಎಂಟನೇ ಎಣಿಕೆಯ ಮೇಲೆ ಎಷ್ಟು ಭಾರ ಹಾಕ್ತಾನೆ ನೋಡು. ಸಮಕ್ಕೆ, ಅಂದ್ರೆ ಮೊದಲನೇ ಎಣಿಕೆಗೆ, ಕಾಯೋದೇ ಇಲ್ಲ, ಅದಕ್ಕೆ ಒಂದೆಣಿಕೆ ಮುಂಚೆನೇ ಎತ್ತಿಬಿಡ್ತಾನೆ" ಅಂದರು. ಅದನ್ನೇ ಅಲ್ಲಿನ ಸಂಗೀತಗಾರರು ಬಿಗ್ ಫೋರ್ ಅನ್ನುವುದು. ನಾಲ್ಕರ ಎರಡು ಆವರ್ತನ, ಎರಡನೆಯದರ ನಾಲ್ಕನೇ ಏಟಿಗೆ ಒತ್ತು. ಕಾಲು ತಾನಾಗಿ ಮೇಲೇಳುವುದು ಆ ಏಟಿನಿಂದ. ಓದಿ ತಿಳಿದಿದ್ದ ವಿಷಯ ನನಗೆ ಕಿವಿಗೆ ಬಿದ್ದಿದ್ದು ಅಪ್ಪ ಎಣಿಸಿ ತೋರಿಸಿದ ಮೇಲೆ.

ಅಷ್ಟರಲ್ಲಿ ಪಕ್ಕದ ಜಗುಲಿಯ ಒಬ್ಬ ಅಜ್ಜಿ ಅಮ್ಮನ ಹತ್ತಿರ ಬಂದರು. ಆ ಊರಲ್ಲಿ ಎಲ್ಲರೂ ಎಲ್ಲರಿಗೂ ಬೇಬಿ ಅನ್ನುತ್ತಾರೆ, ಅಂಗಡಿಯವರಿಂದ ಹಿಡಿದು ಬಸ್ ಡ್ರೈವರ್‌ವರೆಗೆ. "ಏಳು ಬೇಬಿ, ಇದು ಕೂತು ನೋಡೋದಲ್ಲ" ಅಂತ ಕೈ ಹಿಡಿದು ಎಬ್ಬಿಸಿದರು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದು ಬ್ಲಾಕ್ ನಡೆದರು. ನಾನು ಕುರ್ಚಿ ಎತ್ತಿಕೊಂಡು ಹಿಂದೆ ಹೋದೆ. ಫೋಟೋ ತೆಗೆಯುವವರು ಒಂದು ವಿಷಯ ನೆನಪಿಡಿ. ಕುಣಿಯುವವರ ದಾರಿಗೆ ಅಡ್ಡ ನಿಲ್ಲಬೇಡಿ. ಅವರು ಈ ದಿನಕ್ಕಾಗಿ ವರ್ಷವೆಲ್ಲ ದುಡ್ಡು ಕೂಡಿಟ್ಟು ಬಟ್ಟೆ ಹೊಲಿಸಿರುತ್ತಾರೆ.

ಮೆರವಣಿಗೆಗೆ ಮೊದಲು, ಬೆಳಿಗ್ಗೆ, ಟ್ರೆಮೆ ಬಡಾವಣೆಗೆ ಹೋಗುವುದು ನನ್ನ ಪದ್ಧತಿ. ಫ್ರೆಂಚ್ ಕ್ವಾರ್ಟರ್‌ನಿಂದ ರಾಂಪಾರ್ಟ್ ಬೀದಿ ದಾಟಿದರೆ ಆರ್ಮ್‌ಸ್ಟ್ರಾಂಗ್ ಪಾರ್ಕು, ಅದರ ಒಂದು ಮೂಲೆಯಲ್ಲಿ ಕಾಂಗೋ ಸ್ಕ್ವೇರ್. ಸುತ್ತುಸುತ್ತಾಗಿ ಕಲ್ಲು ಹಾಸಿದ ನೆಲ, ಹಳೆಯ ಓಕ್ ಮರಗಳು, ಅಷ್ಟೇ. ಗುಲಾಮರಿಗೆ ಭಾನುವಾರ ಮಾತ್ರ ಕೆಲಸಕ್ಕೆ ಬಿಡುವು. ಅವರು ಸೇರಿ ಕುಣಿಯುವುದಕ್ಕೆ ಊರಲ್ಲಿ ಒಂದೇ ಜಾಗ, ಅದೂ ಸೂರ್ಯ ಮುಳುಗುವವರೆಗೆ ಮಾತ್ರ ಅಂತ 1817ರಲ್ಲಿ ಕಾನೂನು ಬಂತು. ಆ ಜಾಗ ಇದೇ. ಆಫ್ರಿಕಾದಿಂದ ತಂದ ಬಡಿತಗಳನ್ನು ಅವರು ಇಲ್ಲಿ ಉಳಿಸಿಕೊಂಡರು. ಮಧ್ಯಾಹ್ನ ಅಪ್ಪ ಎಣಿಸಿದ ಏಟಿನ ಬೇರು ಇಲ್ಲಿದೆ. ಅದಕ್ಕೇ ಮೆರವಣಿಗೆಗೆ ಮುಂಚೆ ಈ ನೆಲದ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು ಅನ್ನುವುದು ನನ್ನ ಹಟ.

ಅಲ್ಲಿಂದ ಸ್ವಲ್ಪ ಮುಂದೆ ಸೇಂಟ್ ಅಗಸ್ಟೀನ್ ಚರ್ಚು, 1842ರದ್ದು. ಸ್ವತಂತ್ರರಾಗಿದ್ದ ಕರಿಯರು ತಮಗೆ ಬೆಂಚುಗಳನ್ನು ಕೊಂಡುಕೊಂಡಿದ್ದಲ್ಲದೆ ಗುಲಾಮರು ಕೂರಲಿಕ್ಕೂ ಬೆಂಚುಗಳನ್ನು ಕೊಂಡರು. ಹೊರಗೋಡೆಯ ಪಕ್ಕ ಅಜ್ಞಾತ ಗುಲಾಮನ ಸಮಾಧಿ ಅಂತ ಒಂದು ಸ್ಮಾರಕ ಇದೆ. ತುಕ್ಕು ಹಿಡಿದ ದಪ್ಪ ಸರಪಳಿಯದೇ ಶಿಲುಬೆ, ಅದಕ್ಕೆ ನೇತುಬಿದ್ದ ಕೈಕೋಳಗಳು. ಅಪ್ಪ ಚಪ್ಪಲಿ ಬಿಟ್ಟು ಕೈಮುಗಿದರು. ಹತ್ತಿರದಲ್ಲೇ ಬ್ಯಾಕ್‌ಸ್ಟ್ರೀಟ್ ಕಲ್ಚರಲ್ ಮ್ಯೂಸಿಯಂ ಇದೆ. ಮಾರ್ಡಿ ಗ್ರಾ ಅನ್ನುವುದು ಆ ಊರಿನ ದೊಡ್ಡ ಹಬ್ಬ. ಅದರಲ್ಲಿ ಮಾರ್ಡಿ ಗ್ರಾ ಇಂಡಿಯನ್ ಅಂತ ಕರೆಸಿಕೊಳ್ಳುವ ಕರಿಯರ ತಂಡಗಳು ಮಣಿ ಮಣಿ ಪೋಣಿಸಿ ಹೊಲಿದ ವೇಷಗಳನ್ನು ಅಲ್ಲಿ ಕಣ್ಣಿಗೆ ಹತ್ತಿರದಿಂದ ನೋಡಬಹುದು. ತೆರೆದಿರುವ ದಿನಗಳನ್ನು ವಿಚಾರಿಸಿಕೊಂಡು ಹೋಗಿ.

ಮ್ಯೂಸಿಯಂಗಳಲ್ಲಿ ಇನ್ನೊಂದನ್ನು ಮಾತ್ರ ಹೇಳುತ್ತೇನೆ. ಎಸ್ಪ್ಲನೇಡ್ ರಸ್ತೆಯ ಹಳೆಯ ಟಂಕಸಾಲೆಯಲ್ಲಿರುವ ಜಾಝ್ ಮ್ಯೂಸಿಯಂ. ಮುಂದೆ ಜಾಝ್ ಸಂಗೀತದ ಹೆಸರಾಂತ ತುತ್ತೂರಿಗಾರನಾದ ಲೂಯಿ ಆರ್ಮ್‌ಸ್ಟ್ರಾಂಗ್ ಹುಡುಗನಾಗಿದ್ದಾಗ, 1912ರ ಕೊನೆಯ ರಾತ್ರಿ, ಬೀದಿಯಲ್ಲಿ ಪಿಸ್ತೂಲು ಹಾರಿಸಿ ಸಿಕ್ಕಿಬಿದ್ದ. ಅವನನ್ನು ಬಾಲಕರ ಸುಧಾರಣಾ ಗೃಹಕ್ಕೆ ಹಾಕಿದರು. ಅಲ್ಲಿನ ಬ್ಯಾಂಡಿನಲ್ಲಿ ಪೀಟರ್ ಡೇವಿಸ್ ಅನ್ನುವ ಮೇಷ್ಟ್ರು ಅವನ ಕೈಗೆ ಕಾರ್ನೆಟ್ ಅನ್ನುವ ಸಣ್ಣ ತುತ್ತೂರಿ ಕೊಟ್ಟರು. ಆ ಕಾಲದ ಕಾರ್ನೆಟ್ ಈ ಮ್ಯೂಸಿಯಂನ ಹೆಮ್ಮೆಯ ವಸ್ತು. ಜ್ಯಾಕ್ಸನ್ ಸ್ಕ್ವೇರ್ ಪಕ್ಕದ ಪ್ರೆಸ್ಬಿಟೇರ್ ಕಟ್ಟಡಕ್ಕೂ ಸಮಯ ಇದ್ದರೆ ಹೋಗಿ. 2005ರ ಕತ್ರೀನಾ ಚಂಡಮಾರುತದ ಪ್ರದರ್ಶನ ಇದೆ. ಆ ಊರಿನ ಹಾಡುಗಾರ, ಪಿಯಾನೊ ವಾದಕ ಫ್ಯಾಟ್ಸ್ ಡೊಮಿನೊ ಮನೆಯ, ನೀರಲ್ಲಿ ಮುಳುಗಿ ಹಾಳಾದ ಪಿಯಾನೊ ಅಲ್ಲಿದೆ.

ರಾತ್ರಿಯ ಮಾತಿಗೆ ಬರೋಣ. ಬರ್ಬನ್ ಸ್ಟ್ರೀಟನ್ನು ಒಮ್ಮೆ ಈ ತುದಿಯಿಂದ ಆ ತುದಿಗೆ ನಡೆದು ಮುಗಿಸಿಬಿಡಿ. ಕುಡಿತದ ಗಲಾಟೆ ಜಾಸ್ತಿ, ಕೇಳುವಂಥದ್ದು ಕಡಿಮೆ. ಅದರ ಪಕ್ಕದಲ್ಲೇ ಸೇಂಟ್ ಪೀಟರ್ ಬೀದಿಯಲ್ಲಿ ಪ್ರಿಸರ್ವೇಶನ್ ಹಾಲ್ ಇದೆ, ಅದನ್ನು ತಪ್ಪಿಸಬೇಡಿ. 1961ರಲ್ಲಿ ಶುರುವಾಗಿದ್ದು. ಕರಿಯರು, ಬಿಳಿಯರು ಒಂದೇ ಕಡೆ ಕೂರುವ ಹಾಗಿಲ್ಲದ ಆ ಕಾಲದಲ್ಲೇ ಅಲ್ಲಿ ಎಲ್ಲರೂ ಒಟ್ಟಿಗೆ ನುಡಿಸಿದರು, ಒಟ್ಟಿಗೆ ಕೇಳಿದರು. ಒಳಗೆ ಬಣ್ಣ ಮಾಸಿದ ಗೋಡೆ, ಕೆಲವು ಮರದ ಬೆಂಚು. ಮೈಕಿಲ್ಲ, ಹೆಂಡ ಇಲ್ಲ, ಫೋಟೋ ತೆಗೆಯುವ ಹಾಗೂ ಇಲ್ಲ. ಮಕ್ಕಳೂ ಬರಬಹುದು. ಮುಕ್ಕಾಲು ಗಂಟೆಯ ಕಛೇರಿ. ಮುಂದಿನ ಸಾಲಿನಲ್ಲಿ ಕೂತರೆ ಟ್ರಾಂಬೋನಿನ ಕೊಳವೆ ಮೂಗಿಗೆ ತಾಗುವಷ್ಟು ಹತ್ತಿರ. ಟಿಕೆಟ್ ಮೊದಲೇ ತೆಗೆದುಕೊಳ್ಳಿ. ನಿಲ್ಲಲಾಗದವರಿದ್ದರೆ ಕೂರುವ ಜಾಗದ ಟಿಕೆಟನ್ನೇ ಕೇಳಿ. ಒಳಗೆ ಶೌಚಾಲಯ ಇಲ್ಲ, ಹಿರಿಯರಿಗೆ ಮೊದಲೇ ಹೇಳಿಡಿ.

ಆಮೇಲೆ ಫ್ರೆಂಚ್‌ಮೆನ್ ಸ್ಟ್ರೀಟ್. ಎರಡು ಮೂರು ಬ್ಲಾಕಿನಲ್ಲಿ ಸಾಲಾಗಿ ಸಂಗೀತದ ಮನೆಗಳು. ಆರಾಮಾಗಿ ಕೂತು ಕೇಳಬೇಕೆಂದರೆ ಸ್ನಗ್ ಹಾರ್ಬರ್, ನಿಂತು ಕುಣಿಯಬೇಕೆಂದರೆ ಸ್ಪಾಟೆಡ್ ಕ್ಯಾಟ್. ಬಹಳಷ್ಟು ಬಾರುಗಳಿಗೆ 21 ವರ್ಷದ ಕೆಳಗಿನವರನ್ನು ಬಿಡುವುದಿಲ್ಲ. ಆದರೆ ಬೀದಿ ಮೂಲೆಯಲ್ಲೇ ಹುಡುಗರ ಬ್ರಾಸ್ ಬ್ಯಾಂಡ್ ನಿಂತಿರುತ್ತದೆ, ನಮ್ಮಮ್ಮನಿಗೆ ಹಿಡಿಸಿದ್ದು ಅದೇ. ಎಲ್ಲೇ ಕೇಳಿದರೂ ಮುಂದಿಟ್ಟ ಬಕೆಟ್ಟಿಗೆ ದುಡ್ಡು ಹಾಕಿ. ಕೆಲವು ಕಡೆ ಒಳಗೆ ಹೋಗುವುದಕ್ಕೆ ಹಣ ಇಲ್ಲದಿರುವುದು ಈ ಬಕೆಟ್ಟಿನ ಭರವಸೆಯ ಮೇಲೆ. ನಾನು ಹೊರಡುವಾಗಲೇ ಬ್ಯಾಂಕಿನಿಂದ ಒಂದು ಡಾಲರ್, ಐದು ಡಾಲರ್ ನೋಟು ಮಾಡಿಸಿಕೊಂಡು ಒಂದು ಬೇರೆ ಪರ್ಸಿನಲ್ಲಿ ಇಡುತ್ತೇನೆ. ಒಂದೇ ಒಂದು ಹಾಡು ಕೇಳಿ ಹೊರಟರೂ ಹಾಕಿಯೇ ಹೊರಡುವುದು. ಆ ಊರಿನ ಎಷ್ಟೋ ದೊಡ್ಡ ಕಲಾವಿದರು ಹೀಗೆ ಬೀದಿಯಲ್ಲಿ ನುಡಿಸುತ್ತಲೇ ಬೆಳೆದವರು.

ಊಟದ ವಿಷಯ ಸಸ್ಯಾಹಾರಿಗಳಿಗೆ ಸ್ವಲ್ಪ ಕಷ್ಟ. ಬೆಂಡೆಕಾಯಿ ಗಂಬೊ (ಅಲ್ಲಿನ ಗಟ್ಟಿ ಸಾರು) ಅಂತ ಬರೆದಿದ್ದರೂ ಒಳಗೆ ಸೀಗಡಿಯೋ ಸಾಸೇಜೋ ಇರುತ್ತದೆ. ಸೋಮವಾರದ ಕೆಂಪು ಬೀನ್ಸ್ ಅನ್ನ ನೋಡಲು ನಮ್ಮ ರಾಜ್ಮಾ, ಆದರೆ ಬೇಯಿಸುವುದು ಹಂದಿಮಾಂಸದ ಜೊತೆ. ಕೇಳದೆ ತಿನ್ನಬೇಡಿ. ನಾನು ಪುಳಿಯೋಗರೆ ಗೊಜ್ಜು, ಒಂದು ಸಣ್ಣ ರೈಸ್ ಕುಕ್ಕರ್ ಒಯ್ಯುತ್ತೇನೆ, ಅಡುಗೆಮನೆ ಇರುವ ರೂಮನ್ನೇ ಹಿಡಿಯುತ್ತೇನೆ. ಕಾಫಿಗೆ ಮಾತ್ರ ಯಾವ ಚಿಂತೆಯೂ ಇಲ್ಲ. 1862ರಿಂದ ಇರುವ ಕೆಫೆ ದು ಮೊಂಡ್‌ನಲ್ಲಿ ಚಿಕೋರಿ ಬೆರೆಸಿದ ಡಿಕಾಕ್ಷನ್‌ಗೆ ಬಿಸಿಹಾಲು ಹಾಕಿ ಕೊಡುತ್ತಾರೆ. ಅಂತರ್ಯುದ್ಧದ ಕಾಲದಲ್ಲಿ ಬಂದರಿಗೆ ದಿಗ್ಬಂಧನ ಬಿದ್ದು ಕಾಫಿಬೀಜ ಸಿಗದಾದಾಗ ಚಿಕೋರಿಯ ಬಳಕೆ ಹೆಚ್ಚಿತಂತೆ, ಆಮೇಲೆ ರುಚಿ ಬಿಡಲಿಲ್ಲ. ಅಮೆರಿಕಕ್ಕೆ ಬಂದ ಮೇಲೆ ಹೊರಗೆ ಕುಡಿದ ಕಾಫಿಯಲ್ಲಿ ಅಮ್ಮ ಲೋಟ ಖಾಲಿ ಮಾಡಿದ್ದು ಇಲ್ಲೇ. ಜೊತೆಗೆ ಸಕ್ಕರೆಪುಡಿಯಲ್ಲಿ ಮುಳುಗಿದ, ಹಿಟ್ಟಿನಿಂದ ಕರಿದ ಬೆನ್ಯೆ ಅನ್ನುವ ತಿಂಡಿ ತಿನ್ನಿ. ಕಪ್ಪು ಬಟ್ಟೆ ಹಾಕಿಕೊಂಡು ಹೋಗಬೇಡಿ.

ಕಾಲು ನೋವಾದಾಗ ಸೇಂಟ್ ಚಾರ್ಲ್ಸ್ ಟ್ರಾಮ್ ಹತ್ತಿಬಿಡಿ. 1835ರಿಂದ ಓಡುತ್ತಿರುವ ಮಾರ್ಗ. ಹಸಿರು ಬಣ್ಣದ ಹಳೆಯ ಗಾಡಿ, ಮರದ ಸೀಟು, ತೆರೆದ ಕಿಟಕಿ. ಎರಡೂ ಬದಿ ಓಕ್ ಮರ, ದೊಡ್ಡ ಹಳೆಯ ಬಂಗಲೆಗಳು. ಸುಮ್ನೆ ಕೂತು ಕೊನೆವರೆಗೂ ಹೋಗಿ ಬರಬಹುದು.

ಹೋಗುವ ಕಾಲ ಕೇಳಿದರೆ ಅಕ್ಟೋಬರ್, ನವೆಂಬರ್ ಅನ್ನುತ್ತೇನೆ. ಸೆಖೆ ಇಳಿದಿರುತ್ತದೆ, ಭಾನುವಾರದ ಮೆರವಣಿಗೆಗಳು ಭರದಿಂದ ನಡೆದಿರುತ್ತವೆ, ರೂಮಿನ ಬಾಡಿಗೆಯೂ ಮಾರ್ಡಿ ಗ್ರಾ ಸಮಯದಷ್ಟು ಇರುವುದಿಲ್ಲ. ಏಪ್ರಿಲ್ ಕೊನೆ, ಮೇ ಮೊದಲಲ್ಲಿ ನಡೆಯುವ ಜಾಝ್ ಫೆಸ್ಟ್ ನೋಡಲೇಬೇಕು ಅನ್ನುವವರು ತಿಂಗಳುಗಟ್ಟಲೆ ಮೊದಲೇ ರೂಮು ಹಿಡಿಯಬೇಕು. ದುಬಾರಿ ಅನ್ನಿಸಿದರೆ ಏಪ್ರಿಲ್‌ನಲ್ಲೇ ಫ್ರೆಂಚ್ ಕ್ವಾರ್ಟರ್ ಫೆಸ್ಟಿವಲ್ ಇದೆ, ಬಯಲಲ್ಲಿ ಕೂತು ಉಚಿತವಾಗಿ ಕೇಳಬಹುದು. ಯಾವಾಗ ಹೋದರೂ ಮಡಚುವ ಕುರ್ಚಿ, ಟೋಪಿ, ನೀರಿನ ಬಾಟಲಿ ಗಾಡಿಯಲ್ಲಿರಲಿ, ವಾಪಸ್ ಹೊರಡುವುದನ್ನು ಸೋಮವಾರಕ್ಕೆ ಇಟ್ಟುಕೊಳ್ಳಿ.