ಕೊಮ್ಮೆ ಗಿಡದ ಮೇಲೆ ಅಲಸಂದೆ ಹೇನು, ನಾನು ಗುರುತು ಹಿಡಿದಿದ್ದು ಹೀಗೆ

ಗಿಡದ ಹೆಸರು ನೋಡ್ಕೊಂಡು ಅದರ ರಸ ಹೀರೋ ಹೇನಿನ ಹೆಸರು ಹೇಳೋದು ಬೆಳೆಗಳಲ್ಲಿ ಬಹುಪಾಲು ನಡೆಯುತ್ತೆ, ಕಳೆಗಿಡಗಳ ಹತ್ರ ಬಂದಾಗ ಅದನ್ನ ನಂಬ್ಕೊಂಡು ಕೂರೋಕಾಗಲ್ಲ. ಕೊಮ್ಮೆ ಗಿಡದ ಎಳೆ ತುದೀಲಿ ಮಿರಮಿರ ಮಿಂಚೋ ಕಪ್ಪು ಹೇನು ಕಂಡಾಗ ನಾನು ಮೊದಲು ಹುಡುಕಿದ್ದು ಮರಿಗಳನ್ನ. ಯಾಕಂದ್ರೆ ರೆಕ್ಕೆ ಇರೋ ಹೇನು ಗಾಳೀಲಿ ಬಂದು ಸಿಕ್ಕ ಗಿಡದ ಮೇಲೆ ಕೂರುತ್ತೆ, ಒಂದೆರಡು ಸಲ ಚುಚ್ಚಿ ನೋಡುತ್ತೆ, ಹಿಡಿಸ್ಲಿಲ್ಲ ಅಂದ್ರೆ ಹಾರಿ ಹೋಗುತ್ತೆ, ಅಷ್ಟಕ್ಕೇ ಅದನ್ನ ಆಶ್ರಯ ಗಿಡ ಅಂತ ಬರೆದ್ರೆ ದಾಖಲೆನೇ ಕೆಡುತ್ತೆ. ರೆಕ್ಕೆ ಇಲ್ಲದ ದೊಡ್ಡವು, ಬೇರೆ ಬೇರೆ ಸೈಜಿನ ಮರಿಗಳು, ಕಳಚಿದ ಬಿಳಿ ಪೊರೆ ಎಲ್ಲಾ ಒಟ್ಟಿಗಿದ್ರೆ ಮಾತ್ರ ಅಲ್ಲಿ ಸಂಸಾರ ಹೂಡಿದೆ ಅಂತ ಲೆಕ್ಕ. ಇಲ್ಲಿ ಅಷ್ಟೂ ಇತ್ತು, ಜೊತೆಗೆ ಇರುವೆ ಸಾಲು. (ಆ ಪೊರೆನ ಬಿಳಿನೊಣ ಅಂದ್ಕೊಳೋರು ತುಂಬಾ ಜನ, ಊದಿದ್ರೆ ಹಾರಲ್ಲ, ಉದುರುತ್ತೆ.)

ಫೋಟೋ ಅಲ್ಲೇ ತೆಗೆದೆ, ಆಲ್ಕೋಹಾಲ್‌ಗೆ ಹಾಕಿದ್ಮೇಲೆ ಮೈಬಣ್ಣ ನಿಲ್ಲಲ್ಲ. ಆಮೇಲೆ ಒದ್ದೆ ಬ್ರಷ್‌ನಿಂದ ಮೆಲ್ಲಗೆ ಎತ್ತಿ 80% ಆಲ್ಕೋಹಾಲ್ ಬಾಟಲಿಗೆ. ಎಳೆದು ಕೀಳಬಾರದು, ಸೂಜಿಯಂಥ ಬಾಯಿ ಗಿಡದೊಳಗೇ ಮುರಿಯುತ್ತೆ.

ಎರಡು ಮಿಲಿಮೀಟರ್ ಆಸುಪಾಸಿನ ಹುಳದಲ್ಲಿ ನೋಡಬೇಕಾದ್ದು ಹಿಂಭಾಗ: ಹೊಟ್ಟೆ ಮೇಲಿನ ಜೋಡಿ ಕೊಳವೆ, ತುದೀಲಿರೋ ಬಾಲ. ನನ್ನ ಹೇನಲ್ಲಿ ಎರಡೂ ಕಪ್ಪು, ಬೆನ್ನ ಮೇಲೆ ಗುರಾಣಿ ಥರ ಒಂದೇ ಕಪ್ಪು ಪಟ್ಟೆ, ಮರಿಗಳು ಮಾತ್ರ ಹೊಳಪಿಲ್ಲದೆ ಬೂದಿ ಎರಚಿದಂಗೆ. ಹತ್ತಿ ಹೇನೂ ಕೆಲವು ಸಲ ಕಪ್ಪಗೇ ಇರುತ್ತೆ, ಬಣ್ಣ ಒಂದನ್ನೇ ನೋಡಿದ್ರೆ ಎರಡೂ ಕಲಸಿಹೋಗುತ್ತೆ, ಆದ್ರೆ ಅದರ ಬಾಲ ಕೊಳವೆಗಿಂತ ತಿಳಿಯಾಗಿರುತ್ತೆ, ಬೆನ್ನ ಮೇಲೆ ಈ ಹೊಳೆಯೋ ಗುರಾಣಿನೂ ಇರಲ್ಲ. ಹಾಗಾಗಿ ಇದು ಏಫಿಸ್ ಕ್ರಾಸಿವೋರಾ, ಅಲಸಂದೆ, ಶೇಂಗಾದಲ್ಲಿ ಕಾಣೋ ಅದೇ ಹೇನು. ದ್ವಿದಳ ಗಿಡ ಇಷ್ಟ ಅಷ್ಟೇ, ಬೇರೆ ಎಷ್ಟೋ ಕುಟುಂಬದ ಗಿಡಗಳಲ್ಲೂ ಬದುಕುತ್ತೆ.

ಲೆನ್ಸ್‌ನಲ್ಲಿ ಕಂಡಿದ್ದನ್ನ ಪಕ್ಕಾ ಮಾಡ್ಕೊಳೋಕೆ ಕೆಲವನ್ನ 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಬಿಸಿಮಾಡಿ ತಿಳಿಮಾಡಿ ಸ್ಲೈಡ್ ಮಾಡಿದೆ, ಮೀಸೆ ಗೆಣ್ಣುಗಳನ್ನ ಅಳೆಯೋಕೆ ಬೇರೆ ದಾರಿನೇ ಇಲ್ಲ. ಗಿಡದ್ದೂ ಹೂವು ಕಾಯಿ ಸಮೇತ ಒಂದು ಕೊಂಬೆ ಒತ್ತಿ ಒಣಗಿಸಿ, ಹುಳದ ಬಾಟಲಿಗೆ ಕೊಟ್ಟ ನಂಬರನ್ನೇ ಅದಕ್ಕೂ ಬರೆದೆ. ಗಿಡದ ಗುರುತೇ ಅನುಮಾನ ಆದ್ರೆ ಇಂಥ ದಾಖಲೆನ ಯಾರೂ ಒಪ್ಪಲ್ಲ, ಒಪ್ಪಲೂ ಬಾರದು.